ಕೆರೆ ದಂಡೆಯ ಬಿಡಾರ: ಕಾವಲಿಗೆ ಯಾರಿದ್ದಾರೆ?

ಶನಿವಾರ ಮಧ್ಯಾಹ್ನ ಬುತ್ತಿ ಕಟ್ಟಿಕೊಂಡು ಹೊರಟು, ಕೆರೆಯ ದಂಡೆಯಲ್ಲಿ ಡೇರೆ ಹಾಕಿ, ಒಂದು ರಾತ್ರಿ ಕಳೆದು ಭಾನುವಾರ ಮರಳುವ ಅಭ್ಯಾಸ ಈಗ ನಮ್ಮ ಕಡೆಯ ಕುಟುಂಬಗಳಲ್ಲೂ ಕಾಣಿಸಿಕೊಂಡಿದೆ. ವೈದ್ಯನಾಗಿ ನಾನು ಇದನ್ನು ಸ್ವಾಗತಿಸುತ್ತೇನೆ. ವಾರವಿಡೀ ಟ್ಯೂಷನ್, ಟಿ.ವಿ. ಮತ್ತು ಮೊಬೈಲ್‌ಗಳ ನಡುವೆ ಬೆಳೆಯುವ ಮಕ್ಕಳಿಗೆ ಬಯಲಿನ ಗಾಳಿ, ನಡಿಗೆ, ಒಳ್ಳೆಯ ನಿದ್ರೆಗಿಂತ ಉತ್ತಮ ಟಾನಿಕ್ಕನ್ನು ನಾನು ಬರೆದುಕೊಡಲಾರೆ. ಆದರೆ ಹೊರಡುವ ಮುನ್ನ ಒಂದು ಪ್ರಶ್ನೆಗೆ ಉತ್ತರ ಕೊಡಿ. ಮಕ್ಕಳು ನೀರಿನ ಬಳಿ ಇರುವಾಗ ಅವರನ್ನು ನೋಡಿಕೊಳ್ಳುವವರು ಯಾರು? ‘ಎಲ್ಲರೂ ಇದ್ದೇವಲ್ಲ ಡಾಕ್ಟ್ರೇ’ ಎಂಬುದು ನಿಮ್ಮ ಉತ್ತರವಾದರೆ, ನನಗೆ ಭಯವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಸಂಜೆ ಹತ್ತು ವರ್ಷದ ಹುಡುಗನೊಬ್ಬನನ್ನು ನನ್ನ ಕ್ಲಿನಿಕ್ಕಿಗೆ ಹೊತ್ತು ತಂದರು. ಅವನು ಮುಳುಗಿದ ಸ್ಥಳದಿಂದ ಕೂಗಳತೆಯ ದೂರದಲ್ಲಿ ಹನ್ನೊಂದು ಮಂದಿ ದೊಡ್ಡವರು ಊಟ ಮಾಡುತ್ತಿದ್ದರು. ಮೇಲೆತ್ತಿದ ಮೇಲೆ ಕಾಲು ಹಿಡಿದು ತಲೆಕೆಳಗಾಗಿ ತಿರುಗಿಸಿ, ಹೊಟ್ಟೆ ಅದುಮಿ ನೀರು ಕಕ್ಕಿಸುವುದರಲ್ಲಿ ಅಮೂಲ್ಯ ನಿಮಿಷಗಳು ಕಳೆದುಹೋಗಿದ್ದವು. ನಾನು ಮಾಡಬಹುದಾದದ್ದು ಏನೂ ಉಳಿದಿರಲಿಲ್ಲ. ಆ ತಾಯಿ ಗಂಡನನ್ನು ನೋಡಿ, ‘ನೀವು ನೋಡ್ತಾ ಇದ್ದೀರ ಅಂತ ನಾನು ಅಂದ್ಕೊಂಡೆ ಕಣ್ರೀ’ ಎಂದದ್ದನ್ನು ನಾನು ಮರೆತಿಲ್ಲ.

ನಮ್ಮ ಹಿರಿಯರು ಕೆರೆಯ ಮಗ್ಗುಲಲ್ಲೇ ಬದುಕಿದವರಲ್ಲವೇ ಎಂದು ನೀವು ಕೇಳಬಹುದು. ನಿಜ. ನನ್ನ ತಂದೆಯ ಕಾಲದವರು ಸೊಂಟಕ್ಕೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತರು. ಆಮೇಲೆ ಬಾವಿಗಳು ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿದವು, ಕೆರೆಯಂಗಳದಲ್ಲಿ ಜಾಲಿ ಬೆಳೆಯಿತು. ಒಣಗಿದ ಕೆರೆಯಲ್ಲಿ ಕ್ರಿಕೆಟ್ ಆಡಿ ಬೆಳೆದವರು ನಾವು. ನನಗೂ ಈಜು ಬರುವುದಿಲ್ಲ.

ಈಗ ನೀರು ಮರಳಿ ಬಂದಿದೆ. ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರ ಜೂನ್‌ನಲ್ಲಿ ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಮೊದಲು ಹರಿಯಿತು. 2021ರ ಮಳೆಗೆ ಜಿಲ್ಲೆಯ ಅನೇಕ ಕೆರೆಗಳು ಕೋಡಿ ಹರಿದವು. ನೀರೇನೋ ಬಂತು, ನೀರಿನ ಪರಿಚಯ ಮರಳಿ ಬರಲಿಲ್ಲ. ಮೇಲಾಗಿ ಕೆರೆಗಳು ಹಿಂದಿನಂತಿಲ್ಲ. ಮಾಲೂರಿನ ಕಡೆ ಇಟ್ಟಿಗೆ ಗೂಡುಗಳಿಗೆ ಮಣ್ಣು ಹೋಯಿತು, ಬೇರೆಡೆ ಮರಳಿಗಾಗಿ, ಗೋಡುಮಣ್ಣಿಗಾಗಿ ಯಂತ್ರಗಳು ಅಗೆದವು. ಮುಳಬಾಗಿಲಾಗಲಿ, ಶ್ರೀನಿವಾಸಪುರವಾಗಲಿ, ಮೊಣಕಾಲುದ್ದದ ನೀರಿನ ಮುಂದಿನ ಹೆಜ್ಜೆಯಲ್ಲೇ ಆಳಾಳಿನ ಗುಂಡಿ ಇರಬಹುದು. ಮೇಲಿನಿಂದ ನೋಡಿದರೆ ನೀರು ಒಂದೇ ಸಮವಾಗಿ ಕಾಣುತ್ತದೆ.

ಕೆರೆ ದಂಡೆಯಲ್ಲಿ ಬೇರೆ ಅಪಾಯಗಳೂ ಉಂಟು. ಬೆಂಗಳೂರಿನಿಂದ ಬರುವ ನೀರು ಕೊಳಚೆಯನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿದ್ದು. ಅದು ಅಂತರ್ಜಲ ಹೆಚ್ಚಿಸಲು ತಂದದ್ದೇ ಹೊರತು ಕುಡಿಯುವುದಕ್ಕಲ್ಲ. ಆದ್ದರಿಂದ ಕುಡಿಯಲು, ಅಡುಗೆಗೆ ಮನೆಯಿಂದಲೇ ನೀರು ಒಯ್ಯಿರಿ. ರಾತ್ರಿ ಬರಿನೆಲದ ಮೇಲೆ ಮಲಗಬೇಡಿ. ಕಟ್ಟುಹಾವು ನಿದ್ರೆಯಲ್ಲಿರುವವರನ್ನು ಕಚ್ಚಿದರೆ ಅನೇಕ ವೇಳೆ ನೋವೂ ತಿಳಿಯುವುದಿಲ್ಲ. ಆದರೂ ವಾಂತಿಭೇದಿಗೆ, ಹಾವಿನ ಕಡಿತಕ್ಕೆ ಆಸ್ಪತ್ರೆ ಸೇರುವಷ್ಟು ಸಮಯ ಸಾಮಾನ್ಯವಾಗಿ ಸಿಗುತ್ತದೆ. ಮುಳುಗಿದವರಿಗೆ ಆ ಸಮಯವಿಲ್ಲ. ಉಸಿರು ನಿಂತ ನಾಲ್ಕಾರು ನಿಮಿಷಗಳಲ್ಲೇ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ಮುಳುಗುವವರು ಸಿನಿಮಾದಲ್ಲಿನಂತೆ ಕೂಗುವುದೂ ಇಲ್ಲ. ಉಸಿರೆಳೆಯುವುದೇ ಕಷ್ಟವಾದಾಗ ಕೂಗಲು ಉಸಿರೆಲ್ಲಿಂದ ಬರಬೇಕು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಸುಮಾರು ಕಾಲು ಭಾಗ ಐದು ವರ್ಷದೊಳಗಿನ ಮಕ್ಕಳು.

ಆದ್ದರಿಂದ ನನ್ನ ಸಲಹೆ ಸರಳವಾದದ್ದು. ದಂಡೆಯಲ್ಲಿರುವಷ್ಟು ಹೊತ್ತೂ ದೊಡ್ಡವರಲ್ಲಿ ಒಬ್ಬರು ಕಾವಲಿಗಿರಲಿ. ಅವರ ಹೆಗಲ ಮೇಲೆ ಒಂದು ಕೆಂಪು ಟವಲು ಇರಲಿ. ಟವಲು ಹೆಗಲಲ್ಲಿದ್ದಷ್ಟು ಕಾಲ ಅವರಿಗೆ ಊಟವಿಲ್ಲ, ಇಸ್ಪೀಟಿಲ್ಲ, ಮೊಬೈಲಿಲ್ಲ. ಅರ್ಧ ಗಂಟೆಯಾದ ಮೇಲೆ ಟವಲನ್ನು ಇನ್ನೊಬ್ಬರ ಕೈಗೇ ಕೊಟ್ಟು, ‘ಇನ್ನು ನೀವು ನೋಡಿ’ ಎಂದು ಹೇಳಬೇಕು. ಮದ್ಯ ಸೇವಿಸಿದವರು ಈ ಕೆಲಸಕ್ಕೆ ಸಲ್ಲರು. ಗುರುತಿಲ್ಲದ ಕೆರೆಗೆ ಯಾರೂ ಇಳಿಯುವುದು ಬೇಡ.

ಯಾರಾದರೂ ಬಿದ್ದರೆ ಈಜು ಬಾರದವರು ಹಿಂದೆಯೇ ಧುಮುಕಬಾರದು. ಒಬ್ಬರ ಬದಲು ಇಬ್ಬರು ಹೋಗುತ್ತಾರೆ. ಹಗ್ಗ, ಸೀರೆ, ಪಂಚೆ, ಕೋಲು ಏನಾದರೂ ಚಾಚಿ. ಮುಚ್ಚಳ ಬಿಗಿದ ಖಾಲಿ ಕ್ಯಾನನ್ನು ಎಸೆಯಿರಿ. ಮೇಲೆತ್ತಿದ ಮೇಲೆ ಉಸಿರಾಟವಿಲ್ಲದಿದ್ದರೆ ಹೊಟ್ಟೆ ಅದುಮಬೇಡಿ, ತಲೆಕೆಳಗೆ ಮಾಡಬೇಡಿ. ಅಂಗಾತ ಮಲಗಿಸಿ, ಗದ್ದವನ್ನು ಮೇಲೆತ್ತಿ, ಮೂಗು ಹಿಡಿದು, ಬಾಯಿಗೆ ಬಾಯಿಟ್ಟು ಎರಡು ಬಾರಿ ಉಸಿರು ಊದಿ. ನಂತರ ಎದೆಯ ನಡುವೆ 30 ಬಾರಿ ಗಟ್ಟಿಯಾಗಿ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಿ, ಮತ್ತೆ ಎರಡು ಬಾರಿ ಊದಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ. 108ಕ್ಕೆ ಇನ್ನೊಬ್ಬರು ಕರೆ ಮಾಡಲಿ. ಎಚ್ಚರವಾಗಿ ಮಾತನಾಡಿದರೂ ಆಸ್ಪತ್ರೆಗೆ ಕರೆದೊಯ್ಯಲೇಬೇಕು, ಏಕೆಂದರೆ ಶ್ವಾಸಕೋಶದ ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಕೆರೆಗೆ ನೀರು ತರಲು ಕೋಟ್ಯಂತರ ರೂಪಾಯಿ ಖರ್ಚು ಮಾಡಿದ್ದೇವೆ. ಗುಂಡಿಗಳಿರುವಲ್ಲಿ ಒಂದು ಎಚ್ಚರಿಕೆಯ ಫಲಕ ನೆಡಲು, ಶಾಲಾ ಮಕ್ಕಳಿಗೆ ಈಜು ಕಲಿಸಲು ಅದರಲ್ಲಿ ಅಲ್ಪ ಭಾಗ ಸಾಕು. ಪಂಚಾಯಿತಿಗಳೂ ಶಾಲೆಗಳೂ ಈ ಬಗ್ಗೆ ಯೋಚಿಸಬೇಕು. ಅಲ್ಲಿಯವರೆಗೆ, ಈ ಶನಿವಾರ ಹೊರಡುವಾಗ ಬುತ್ತಿಯ ಜೊತೆಗೆ ಒಂದು ಹಗ್ಗ, ಒಂದು ಖಾಲಿ ಕ್ಯಾನು, ಒಂದು ಕೆಂಪು ಟವಲನ್ನು ಮರೆಯದೆ ಚೀಲಕ್ಕೆ ಹಾಕಿಕೊಳ್ಳಿ.