ಕಾಗೆ ಮುಟ್ಟಿದ ಮಾತು

ಪುಣೆಯ ಸದಾಶಿವ ಪೇಠೆಯಲ್ಲಿ, ನಮ್ಮ ಓಣಿಯ ತಿರುವಿಗಿರುವ ಔಷಧದ ಅಂಗಡಿಯಲ್ಲಿ, ಮಳೆಯ ವಿಚಾರವಾಗಿಯೋ ಮಹಾನಗರಪಾಲಿಕೆಯ ವಿಚಾರವಾಗಿಯೋ ಗಿರಾಕಿಗಳೊಡನೆ ಉಚ್ಚಸ್ವರದಲ್ಲಿ ಹರಟುತ್ತಿರುವ ಮಾಲೀಕನು, ಹೆಂಗಸೊಬ್ಬಳು ಬಂದು ತಗ್ಗಿದ ದನಿಯಲ್ಲಿ ಒಂದು ಹೆಸರನ್ನು ಹೇಳಿದೊಡನೆ, ಮಾತನ್ನು ಅಲ್ಲಿಗೇ ತುಂಡರಿಸಿ, ಪೊಟ್ಟಣವನ್ನು ಕಟ್ಟೆಯ ಮರೆಯಲ್ಲಿಯೇ ಹಿಂದಿನ ದಿನದ ವೃತ್ತಪತ್ರಿಕೆಯಲ್ಲಿ ಸುತ್ತಿ, ಮುಖವನ್ನೆತ್ತದೆ ಆಕೆಯ ಕೈಗೆ ದಾಟಿಸುವ ದೃಶ್ಯವನ್ನು ಈ ನಲವತ್ತು ವರ್ಷಗಳಲ್ಲಿ ಎಷ್ಟು ಸಲ ಕಂಡಿರುವೆನೋ ಲೆಕ್ಕವಿಟ್ಟಿಲ್ಲ. ಭೇದಿಯ ಗುಳಿಗೆಗೂ ಮೂಲವ್ಯಾಧಿಯ ಮುಲಾಮಿಗೂ ದೊರೆಯದ ಈ ಮರ್ಯಾದೆ ಒಂದು ಅರಳೆಯ ಪೊಟ್ಟಣಕ್ಕೆ ಸಲ್ಲುತ್ತದೆ. ನಡುವೆ ಕೆಲವು ಕಾಲ ಕರಿಯ ಪ್ಲಾಸ್ಟಿಕ್ ಚೀಲದ ರೂಢಿ ಬಂದಿತ್ತು. 2018ರಲ್ಲಿ ಮಹಾರಾಷ್ಟ್ರ ಸರಕಾರವು ಅಂತಹ ಚೀಲಗಳನ್ನು ನಿಷೇಧಿಸಿದ ಮೇಲೆ ಮರಳಿ ವೃತ್ತಪತ್ರಿಕೆಯೇ ಗತಿಯಾಯಿತು. ಪತ್ರಿಕೆಗಳು ಯಾವ ಮಾತನ್ನು ಅಚ್ಚುಹಾಕಲು ಬಹುಕಾಲ ಸಂಕೋಚಪಟ್ಟವೋ ಆ ಮಾತನ್ನು ಮರೆಮಾಡುವುದಕ್ಕೆ ಪತ್ರಿಕೆಯ ಹಾಳೆಯೇ ಒದಗಿಬರುವುದನ್ನು ಕಂಡು, ಪತ್ರಿಕೆಗೆ ಬರೆಯುವ ನನಗೆ ನಗೆಯೂ ಬಂದಿದೆ, ನಾಚಿಕೆಯೂ ಆಗಿದೆ.

ನಾನು ಧಾರವಾಡದಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ತೌರಿನಲ್ಲಿ ‘ಹೊರಗ ಕೂತಾಳ’ ಎನ್ನುತ್ತಿದ್ದರು. ಇಲ್ಲಿ ‘ಬಾಹೇರ್ ಬಸಲೀ’ ಎಂದರು. ಮಕ್ಕಳು ಕೇಳಿದರೆ ಮಾತ್ರ ಎರಡು ಊರುಗಳಿಗೂ ಒಂದೇ ಉತ್ತರ: ಕಾಗೆ ಮುಟ್ಟಿದೆ, ‘ಕಾವಳಾ ಶಿವಲಾ’. ಕನ್ನಡವಂತೂ, ಯಾರೂ ಮುಟ್ಟಕೂಡದವಳ ಅವಸ್ಥೆಗೆ ‘ಮುಟ್ಟು’ ಎಂದೇ ಹೆಸರಿಟ್ಟು ಕುಳಿತಿದೆ. ಪಂಡಿತರು ಏನೇ ವ್ಯುತ್ಪತ್ತಿಯನ್ನು ಹೇಳಲಿ, ಆ ಪದದಲ್ಲಿ ನಮ್ಮ ಅಜ್ಜಿಯರದೊಂದು ಕಹಿಯಾದ ವಿನೋದ ಅಡಗಿರಬಹುದೆಂದು ನನಗೆ ತೋರುತ್ತದೆ. ನಾವು ಮೊದಲಿದ್ದ ವಾಡೆಯಲ್ಲಿ, ಅಂಗಳದ ತುಳಸೀ ವೃಂದಾವನದ ನೆರಳೂ ತಾಕದ ಮೂಲೆಯೊಂದರಲ್ಲಿ, ಒಂದು ಚಾಪೆ, ಒಂದು ತಂಬಿಗೆ, ಬೇರೆಯದೇ ಒಂದು ತಾಟು ಇದ್ದ ಕಿರುಕೋಣೆಯಿತ್ತು. ವಾಡೆಯನ್ನು ಕೆಡವಿ ಫ್ಲ್ಯಾಟುಗಳನ್ನು ಕಟ್ಟಿದಾಗ ಗುತ್ತಿಗೆದಾರನ ನಕ್ಷೆಯಲ್ಲಿ ಆ ಕೋಣೆಗೆ ಸ್ಥಳ ದೊರೆಯಲಿಲ್ಲ; ಚದರಡಿಯ ಬೆಲೆಯೇರಿದುದು ಸುಧಾರಕರ ಉಪನ್ಯಾಸಗಳಿಗಿಂತ ಹೆಚ್ಚಿನ ಕೆಲಸವನ್ನು ಮಾಡಿತು. ಕೋಣೆ ಹೋಯಿತು, ತಗ್ಗಿದ ದನಿ ಉಳಿಯಿತು.

ಇದನ್ನು ಮೌನವೆಂದು ಕರೆಯುವುದು ವಾಡಿಕೆ. ನನಗೆ ಅದರಲ್ಲಿ ಸಂದೇಹವಿದೆ. ವಾಡೆಯಲ್ಲಿ ಒಬ್ಬಳು ಹೊರಗೆ ಕುಳಿತಳೆಂದರೆ, ನೀರು ಹೊರುವವನಿಂದ ಹಿಡಿದು ಮೇಲುಮಹಡಿಯ ಬಾಡಿಗೆದಾರರವರೆಗೆ ಎಲ್ಲರಿಗೂ ಅದು ತಿಳಿದ ವಾರ್ತೆಯಾಗಿತ್ತು. ನಮ್ಮ ಅಜ್ಜಿಯಂದಿರ ಕಾಲದಲ್ಲಿ ಹುಡುಗಿ ದೊಡ್ಡವಳಾದುದನ್ನು ಮಖರ ಕಟ್ಟಿ, ಬಂಧುಬಳಗವನ್ನು ಕರೆದು, ವಾದ್ಯದೊಡನೆ ಸಾರುತ್ತಿದ್ದರು. ಅಷ್ಟೇಕೆ, ಇದೇ ಪೇಠೆಗಳ ವಿದ್ವಾಂಸರು, ವಕೀಲರು, ಪತ್ರಿಕಾಕರ್ತರು 1891ರ ಆರಂಭದಲ್ಲಿ ಬೇರೆ ಮಾತನ್ನೇ ಆಡಲಿಲ್ಲವೆಂದರೂ ಸಲ್ಲುತ್ತದೆ. ಬಾಲಿಕೆಯರ ಸಮ್ಮತಿವಯಸ್ಸನ್ನು 10ರಿಂದ 12ಕ್ಕೆ ಏರಿಸುವ ಮಸೂದೆ ಆಗ ಬಂದಿತ್ತು. ಹನ್ನೆರಡಕ್ಕೆ ಮೊದಲೇ ಋತುಮತಿಯಾದವಳಿಗೆ ಗರ್ಭಾಧಾನ ಸಂಸ್ಕಾರವು ಕಾಲಕ್ಕೆ ಸರಿಯಾಗಿ ನಡೆಯದೆ ಧರ್ಮಲೋಪವಾಗುವುದೆಂದು ಒಂದು ಪಕ್ಷವು ವಾದಿಸಿತು, ಪರಕೀಯ ಸರಕಾರವು ನಮ್ಮ ಮನೆಯ ಆಚಾರದಲ್ಲಿ ಕೈಯಿಡಕೂಡದೆಂದು ಟಿಳಕರ ‘ಕೇಸರಿ’ಯು ಪ್ರತಿಭಟಿಸಿತು, ರಾಮಕೃಷ್ಣ ಗೋಪಾಲ ಭಾಂಡಾರಕರರು ಅದೇ ಧರ್ಮಶಾಸ್ತ್ರಗಳ ವಚನಗಳನ್ನೆತ್ತಿ ವಿರುದ್ಧಪಕ್ಷವನ್ನು ಸಮರ್ಥಿಸಿದರು. ಮಾರ್ಚ್ 19ರಂದು ಮಸೂದೆಯು ಕಾನೂನಾಯಿತು. ಪ್ರಥಮ ರಜೋದರ್ಶನವು ಯಾವ ವಯಸ್ಸಿನಲ್ಲಿ, ಅದಾದ ಮೇಲೆ ಎಷ್ಟು ದಿನಗಳೊಳಗೆ ಏನು ಕರ್ತವ್ಯ ಎಂಬುದನ್ನೆಲ್ಲ ಪೇಟ ಧರಿಸಿದ ಗಂಭೀರ ಪುರುಷರು ಸಭೆಗಳಲ್ಲಿಯೂ ಅಚ್ಚಿನಲ್ಲಿಯೂ ಕಿಂಚಿತ್ತೂ ನಾಚದೆ ಚರ್ಚಿಸಿದರು. ಹಾಗೆ ಚರ್ಚೆಗೆ ವಸ್ತುವಾದ ಹುಡುಗಿಯನ್ನು ಯಾರಾದರೂ ಕೇಳಿದರೆಂದು ಮಾತ್ರ ಕಾಣುವುದಿಲ್ಲ. ಆದುದರಿಂದ ನಿಷೇಧವಿದ್ದುದು ವಿಷಯಕ್ಕಲ್ಲ, ಆ ವಿಷಯವನ್ನು ತನ್ನದೆಂದು ಹೇಳುವ ಹೆಣ್ಣಿನ ಬಾಯಿಗೆ.

ಇದನ್ನು ಅದಕ್ಕೂ ಒಂಬತ್ತು ವರ್ಷ ಮೊದಲೇ ಕಂಡುಕೊಂಡವಳು ಕನ್ನಡನಾಡಿನ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ. 1882ರಲ್ಲಿ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದ ಆಕೆ, ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಮರಾಠಿಯಲ್ಲಿ ಸಾಕ್ಷ್ಯ ನುಡಿಯುತ್ತ, ಈ ದೇಶದ ಹೆಂಗಸರು ತಮ್ಮ ಶರೀರದ ಬಾಧೆಯನ್ನು ಗಂಡಸಾದ ವೈದ್ಯನೆದುರು ಬಾಯಿಬಿಟ್ಟು ಹೇಳಲಾರದೆ ಅಕಾಲದಲ್ಲಿ ಸಾಯುತ್ತಿದ್ದಾರೆ, ಆದುದರಿಂದ ಹೆಂಗಸರಿಗೆ ವೈದ್ಯವಿದ್ಯೆಯನ್ನು ಕಲಿಸಿರಿ ಎಂದು ಕೇಳಿದಳು. ಸಂಕೋಚವೆಂಬುದು ಸದ್ಗುಣವಾಗಿರಬಹುದು, ಅದರಿಂದ ಪ್ರಾಣಹಾನಿಯೂ ಆಗುತ್ತದೆ ಎಂಬ ಲೆಕ್ಕವನ್ನು ಆಯೋಗದ ಮುಂದೆ ಇಟ್ಟದ್ದು ಇಪ್ಪತ್ತನಾಲ್ಕರ ಒಬ್ಬ ವಿಧವೆ.

ಇಂದು ಈ ಊರಿನಲ್ಲಿ ಭಾದ್ರಪದ ಶುದ್ಧ ಪಂಚಮಿಯ ಬೆಳಗಿನ ಜಾವ ದಗಡೂಶೇಠ ಗಣಪತಿಯ ಮುಂದೆ ಸಹಸ್ರಾರು ಸ್ತ್ರೀಯರು ಬೀದಿಯುದ್ದಕ್ಕೂ ಸಾಲಾಗಿ ಕುಳಿತು ಒಕ್ಕೊರಲಿನಿಂದ ಅಥರ್ವಶೀರ್ಷವನ್ನು ಪಠಿಸುತ್ತಾರೆ. ನಾನೂ ಎರಡು ಸಲ ಹೋಗಿದ್ದೇನೆ. ಹಿಂದೆ ಹೆಣ್ಣಿನ ಕಿವಿಗೂ ಬೀಳಬಾರದೆಂದಿದ್ದ ಮಂತ್ರವು ಅಷ್ಟು ಜನ ಹೆಂಗಸರ ಕಂಠದಿಂದ ಏಳುವಾಗ ಮೈ ನವಿರೇಳದವರಿಲ್ಲ. ಆದರೆ ಆ ದಿನ ಋಷಿಪಂಚಮಿ. ಮುಟ್ಟಿನ ದಿನಗಳಲ್ಲಿ ಅರಿತೋ ಅರಿಯದೆಯೋ ಏನನ್ನಾದರೂ ಸೋಂಕಿಸಿದ ಪಾಪದ ಪರಿಹಾರಾರ್ಥವಾಗಿ ಹೆಂಗಸರು ಆಚರಿಸಬೇಕಾದ ವ್ರತದ ದಿನವೂ ಅದೇ. ಇಂದ್ರನು ವಿಶ್ವರೂಪನನ್ನು ಕೊಂದು, ತನ್ನ ಬ್ರಹ್ಮಹತ್ಯೆಯನ್ನು ಭೂಮಿಗೆ ಒಂದು ಪಾಲು, ಮರಗಳಿಗೆ ಒಂದು ಪಾಲು, ಸ್ತ್ರೀಯರಿಗೆ ಮುಟ್ಟಿನ ರೂಪದಲ್ಲಿ ಒಂದು ಪಾಲು ಹಂಚಿ ತಾನು ನಿರಾಳನಾದನೆಂದು ತೈತ್ತಿರೀಯ ಸಂಹಿತೆಯ ಕಥೆ. ಕೊಂದವನಿಗೆ ಸ್ವರ್ಗದ ಸಿಂಹಾಸನ, ಪಾಲು ಹೊತ್ತವಳಿಗೆ ಪ್ರಾಯಶ್ಚಿತ್ತ! ಅಥರ್ವಶೀರ್ಷ ಮುಗಿಸಿ ಮನೆಗೆ ಬಂದು, ಎತ್ತಿನ ದುಡಿಮೆಯಿಲ್ಲದೆ ಬೆಳೆದ ಸೊಪ್ಪು, ಗೆಡ್ಡೆಗಳ ‘ಋಷೀಚಿ ಭಾಜಿ’ಯನ್ನು ಉಣ್ಣುವಾಗ ಈ ಎರಡನ್ನೂ ಕೂಡಿಸಿ ನೋಡುವವರು ವಿರಳ. ನಾನು ಅದನ್ನು ಬಿಟ್ಟಿಲ್ಲ, ರುಚಿಯಾದ ಪಲ್ಯ. ಪಾಪವನ್ನು ಮಾತ್ರ ಒಪ್ಪಿಕೊಳ್ಳದೆ ಉಣ್ಣುತ್ತೇನೆ. ಹಾಗೆ ಒಪ್ಪದವರ ಪರಂಪರೆಯೂ ನಮ್ಮಲ್ಲಿ ಚಿಕ್ಕದಲ್ಲ: ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ಜಾತಿಸೂತಕದೊಡನೆ ರಜಸ್ಸೂತಕವೂ ಸೇರಿತ್ತು, ಈ ಕಡೆ ಸಂತ ಚೋಖಾಮೇಳನ ಮಡದಿ ಸೋಯರಾಬಾಯಿ, ಮೈಲಿಗೆಯಿಲ್ಲದೆ ಹುಟ್ಟಿದ ದೇಹ ಯಾವುದೆಂದು ತನ್ನ ಅಭಂಗದಲ್ಲಿ ದೇವರನ್ನೇ ಕೇಳಿದಳು.

‘ಇದೆಲ್ಲ ಖಾಸಗಿಯ ವಿಷಯ, ಬೀದಿಗೆ ಎಳೆಯುವುದೇಕೆ?’ ಎಂದು ನಮ್ಮ ಕಟ್ಟಡದ ಹಿರಿಯರೊಬ್ಬರು ನನ್ನನ್ನು ಕೇಳಿದರು. ಸಜ್ಜನರು, ಅವರ ಪ್ರಶ್ನೆಯನ್ನು ಹಗುರವಾಗಿ ಕಾಣಲಾರೆ. ಒಬ್ಬಳು ತನ್ನ ದೇಹದ ವಿಷಯವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವುದು ಅವಳ ಹಕ್ಕು. ಆದರೆ 2025ರ ಜುಲೈನಲ್ಲಿ ಠಾಣೆ ಜಿಲ್ಲೆಯ ಶಹಾಪುರದ ಶಾಲೆಯೊಂದರಲ್ಲಿ, ಶೌಚಾಲಯದಲ್ಲಿ ರಕ್ತದ ಕಲೆ ಕಂಡಿತೆಂದು ಹುಡುಗಿಯರ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದಾಗ ಈ ಖಾಸಗಿತನ ಎಲ್ಲಿಗೆ ಹೋಗಿತ್ತು? 2023ರ ಮಳೆಗಾಲದಲ್ಲಿ ತುಮಕೂರಿನ ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ, ಸೂತಕದ ನೆಪದಿಂದ ಊರ ಹೊರಗಿನ ಗುಡಿಸಲಿನಲ್ಲಿರಿಸಿದ ಬಾಣಂತಿಯ ಹಸುಗೂಸು ಸತ್ತಿತು. ಅವಳನ್ನು ಬೀದಿಗಿಂತಲೂ ಆಚೆಗೆ ಎಳೆದವರು ಯಾರು? ಕರ್ನಾಟಕದ ಸಚಿವ ಸಂಪುಟವು 2025ರ ಅಕ್ಟೋಬರಿನಲ್ಲಿ ದುಡಿಯುವ ಹೆಂಗಸರಿಗೆ ವರ್ಷಕ್ಕೆ 12 ದಿನಗಳ ವೇತನಸಹಿತ ಋತುಚಕ್ರ ರಜೆಗೆ ಒಪ್ಪಿಗೆ ನೀಡಿದಾಗ ನನಗೆ ಸಂತೋಷವಾಯಿತು. ಜೊತೆಗೆ, ರಜೆಯ ಅರ್ಜಿಯಲ್ಲಿ ಕಾರಣವನ್ನು ಬರೆಯುವಾಗ ಎಷ್ಟು ಜನ ಮತ್ತೆ ‘ತಲೆನೋವು’ ಎಂದೇ ಬರೆಯುವರೋ ಎಂಬ ಯೋಚನೆಯೂ ಬಂತು.

ಈ ತಗ್ಗಿದ ದನಿಯ ವೆಚ್ಚವನ್ನು ನಮ್ಮ ಪೇಠೆಯಲ್ಲಿ ತೆರುತ್ತಿರುವವರು ಬೇರೆಯೇ ಇದ್ದಾರೆ. ಬೆಳಿಗ್ಗೆ ಕೈಗಾಡಿಯನ್ನು ತಳ್ಳುತ್ತ ಮನೆಮನೆಯ ಕಸವನ್ನು ಒಯ್ಯಲು ಬರುವ ಮಾವಶಿಯರು, 1993ರಲ್ಲಿ ಹುಟ್ಟಿದ ಕಾಗದ ಕಾಚ ಪತ್ರಾ ಕಷ್ಟಕರೀ ಪಂಚಾಯತಿಯ ಸದಸ್ಯೆಯರು, ಅವರೇ ಒಡತಿಯರಾಗಿ 2008ರಿಂದ ಮಹಾನಗರಪಾಲಿಕೆಯೊಡನೆ ಕೆಲಸ ಮಾಡುತ್ತಿರುವ ‘ಸ್ವಚ್ಛ್’ ಎಂಬ ಸಹಕಾರಿಯವರು. ಬಹುತೇಕ ದಲಿತ ಹೆಂಗಸರು. ನಾವು ನಾಚಿಕೆಯಿಂದ ಏಳು ಸುತ್ತು ಸುತ್ತಿ ಒಣಕಸದ ನಡುವೆ ಹುದುಗಿಸಿದ ಪೊಟ್ಟಣವನ್ನು, ಒಳಗೇನಿದೆಯೆಂದು ತಿಳಿಯದೆ, ರದ್ದಿಯೆಂದು ಭಾವಿಸಿ ಬರಿಗೈಯಿಂದ ಬಿಚ್ಚುವವರು ಅವರು. ಮನೆಯಲ್ಲಿ ಮೈಲಿಗೆಯೆಂದು ನಾವು ಮುಟ್ಟಲೊಲ್ಲದುದು ಅವರ ಉಗುರುಗಳಿಗೆ ಅಂಟುತ್ತದೆ. ಇವರು 2013ರಲ್ಲಿ, ಬಳಸಿ ಬಿಸುಟ ಪ್ಯಾಡುಗಳನ್ನು ಚೀಲಗಳಲ್ಲಿ ತುಂಬಿ, ಅವನ್ನು ತಯಾರಿಸಿ ಮಾರುವ ದೊಡ್ಡ ಕಂಪನಿಗಳಿಗೇ ಮರಳಿ ಕಳುಹಿಸಿದರು. ಪುಣೆಯ ಸುಧಾರಣೆಯ ಇತಿಹಾಸವನ್ನು ಬರೆಯುವವರು ಆ ಚೀಲಗಳಿಗೆ ಒಂದು ಪುಟವನ್ನಾದರೂ ಮೀಸಲಿಡಬೇಕು. 2016ರ ಘನತ್ಯಾಜ್ಯ ನಿಯಮಗಳಲ್ಲಿ, ಪ್ರತಿಯೊಂದು ಪ್ಯಾಡಿನೊಡನೆ ಅದನ್ನು ಸುತ್ತಿ ಎಸೆಯಲು ಒಂದು ಹೊದಿಕೆಯನ್ನು ತಯಾರಕರು ಕೊಡುವ ಮಾತು, ಬಳಸಿದವರು ಭದ್ರವಾಗಿ ಸುತ್ತಿಯೇ ಕೊಡತಕ್ಕದ್ದೆಂಬ ಮಾತು ಬಂದವು. ಮನೆಗಳವರಿಂದ ಮಾವಶಿಯರು ಕೇಳುವುದು ಅದಕ್ಕಿಂತಲೂ ಅಲ್ಪ: ಪೊಟ್ಟಣದ ಮೇಲೆ ಒಂದು ಕೆಂಪು ಚುಕ್ಕೆ.

ಸದಾಶಿವ ಪೇಠೆಯವರಿಗೆ ಇದು ಕಷ್ಟವಾಗಬಾರದಿತ್ತು. ಫಲಕಗಳಿಗೆ ಹೆಸರಾದ ಪೇಠೆ ಇದು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಂಟೆ ಬಾರಿಸಬೇಡಿರೆಂದು, ವಿಳಾಸ ಕೇಳಬೇಡಿರೆಂದು, ಚಪ್ಪಲಿಯನ್ನು ಎಲ್ಲಿ ಬಿಡಬೇಕೆಂದು ಬಾಗಿಲುಬಾಗಿಲಿಗೂ ಬರೆದು ತಗಲಿಸಿದ ನಿರ್ಭೀತ ಜನಕ್ಕೆ ಒಂದು ಚುಕ್ಕೆ ಭಾರವಾಯಿತು. ನಮ್ಮ ಮನೆಯಲ್ಲೂ ಅಷ್ಟೇ. ಕಸ ಕಟ್ಟಿಡುವ ಕೆಲಸ ನಮ್ಮವರದು. ಸೊಸೆಯು ಕೆಂಪು ಪೆನ್ನನ್ನು ಕಸದ ಡಬ್ಬಿಯ ಪಕ್ಕದಲ್ಲಿಯೇ ದಾರಕ್ಕೆ ಕಟ್ಟಿ ತೂಗಹಾಕಿದರೂ (ಅವಳ ಅನುಮತಿಯನ್ನು ಪಡೆದೇ ಇದನ್ನು ಬರೆಯುತ್ತಿದ್ದೇನೆ) ಅವರು ಒಂದು ತಿಂಗಳು ಅದನ್ನು ಕಾಣದವರಂತೆಯೇ ಇದ್ದರು. ಕಡೆಗೊಂದು ದಿನ ಚುಕ್ಕೆಯನ್ನಿಟ್ಟರು; ಇಡುವಾಗ ಮೊಮ್ಮಗ ಪಕ್ಕದಲ್ಲಿಯೇ ನಿಂತಿದ್ದ.

‘ಅಜ್ಜಾ, ಈ ಚುಕ್ಕಿ ಯಾಕ?’

ನಮ್ಮವರು ಕನ್ನಡಕವನ್ನು ಸರಿಮಾಡಿಕೊಂಡು ನನ್ನ ಕಡೆಗೆ ನೋಡಿದರು. ಎಪ್ಪತ್ತು ವರ್ಷಗಳ ಅಭ್ಯಾಸದ ಕಾಗೆಯೊಂದು ಅವರ ನಾಲಗೆಯ ತುದಿಗೆ ಬಂದು ಕೂತುದನ್ನು ಕಂಡೆ, ನಾನು ಬಾಯಿಬಿಡಲಿಲ್ಲ.

‘ಇದು ನಿಮ್ಮವ್ವನ ಮುಟ್ಟಿನ ಪ್ಯಾಡ್. ಕಸಾ ಒಯ್ಯೋ ಮಾವಶಿ ಗೊತ್ತಿಲ್ಲದ ಬಿಚ್ಚಬಾರದು ಅಂತ ಚುಕ್ಕಿ.’

‘ಒಂದ ಸಾಕಾ?’ ಎಂದ ಹುಡುಗ, ಪೆನ್ನನ್ನು ಕಸಿದುಕೊಂಡು, ಪೊಟ್ಟಣದ ನಾಲ್ಕು ಮೂಲೆಗಳಿಗೂ ನಾಲ್ಕು ಚುಕ್ಕೆಗಳನ್ನಿಟ್ಟ.