ಚಲಿಸಿದರೆ ಕಂಡೀತು

ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಕುಳಿತು ಗೋಡೆಯ ದೀಪದತ್ತ ದೃಷ್ಟಿಯಿಟ್ಟವರೆಲ್ಲರೂ ಈ ನೋಟವನ್ನು ಕಂಡಿರಬೇಕು. ದೀಪದ ಪಕ್ಕದಲ್ಲಿ ಹಲ್ಲಿಯೊಂದು ಅಲುಗದೆ ಕುಳಿತಿದೆ. ಅದರಿಂದ ಗೇಣುದೂರದಲ್ಲಿ ಪತಂಗವೊಂದು ರೆಕ್ಕೆ ಹರಡಿಕೊಂಡು ಗೋಡೆಗೆ ಅಂಟಿದಂತಿದೆ. ಎಷ್ಟು ಹೊತ್ತಾದರೂ ಹಲ್ಲಿಯು ಅದನ್ನು ಗಮನಿಸಿದಂತೆ ತೋರುವುದಿಲ್ಲ. ಪತಂಗವು ಒಮ್ಮೆ ರೆಕ್ಕೆಯನ್ನು ಕದಲಿಸಿತೋ, ಮರುಕ್ಷಣವೇ ಅದು ಹಲ್ಲಿಯ ಬಾಯಲ್ಲಿ! "ಇಷ್ಟು ಹೊತ್ತು ಅದಕ್ಕೆ ಕಣ್ಣು ಕಾಣಿಸುತ್ತಿರಲಿಲ್ಲವೇ?" ಎಂದು ಮನೆಯ ಮಕ್ಕಳು ಕೇಳುವುದುಂಟು. ಈ ಪ್ರಶ್ನೆಯನ್ನು ನಕ್ಕು ತಳ್ಳಿಬಿಡತಕ್ಕದ್ದಲ್ಲ. ವಿದ್ವಾಂಸರು ಇಂಥದೇ ಪ್ರಶ್ನೆಯನ್ನು ಕೇಳಿಕೊಂಡು, ವರ್ಷಗಟ್ಟಲೆ ಶ್ರಮಿಸಿ, ಉತ್ತರವನ್ನು ಪಡೆದಿರುವರು.

ಕಣ್ಣೆಂಬುದು ಕ್ಯಾಮರಾದಂತೆ, ಎದುರಿಗಿರುವುದೆಲ್ಲವನ್ನೂ ಅದು ಚಿತ್ರಿಸಿ ಮೆದುಳಿಗೆ ಕಳುಹುತ್ತದೆ, ಆಮೇಲೆ ಮೆದುಳು ಅದನ್ನು ವಿಚಾರಿಸಿ ನೋಡುತ್ತದೆ ಎಂದು ನಾವು ಭಾವಿಸುವುದು ಸಹಜ. ಈ ಭಾವನೆಯು ಪೂರ್ತಿ ನಿಜವಲ್ಲವೆಂಬುದನ್ನು ತೋರಿಸಿಕೊಟ್ಟ ಪ್ರಾಣಿಯು ನಮ್ಮ ಹಿತ್ತಿಲಿನ ಕೊಳಚೆಯಲ್ಲಿ ಕೂಗುವ ಕಪ್ಪೆ.

1953ರಲ್ಲಿ ಇಂಗ್ಲೆಂಡಿನ ಹೊರೇಸ್ ಬಾರ್ಲೊ ಎಂಬವರು, ಕಪ್ಪೆಯ ಅಕ್ಷಿಪಟಲದಲ್ಲಿಯೇ, ನೊಣದಷ್ಟು ಚಿಕ್ಕ ವಸ್ತುವು ಚಲಿಸಿದಾಗ ವಿಶೇಷವಾಗಿ ಕೆರಳುವ ಕಣಗಳಿರುವುದನ್ನು ಕಂಡರು. 1959ರಲ್ಲಿ ಅಮೆರಿಕದ ಲೆಟ್ವಿನ್, ಮಾತುರಾನಾ, ಮೆಕಲಕ್, ಪಿಟ್ಸ್ ಎಂಬ ನಾಲ್ವರು ಕಪ್ಪೆಯ ಕಣ್ಣಿನಿಂದ ಮೆದುಳಿಗೆ ಹೋಗುವ ನರತಂತುಗಳನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿದರು. ಈ ತಂತುಗಳು ತಮ್ಮೊಳಗೆ ಕೆಲಸವನ್ನು ಹಂಚಿಕೊಂಡಿದ್ದುವು. ಒಂದು ಬಗೆಯ ತಂತುವು ವಸ್ತುವಿನ ಅಂಚನ್ನು ಅರುಹುವುದು; ಇನ್ನೊಂದು, ಅಂಚು ಚಲಿಸುವುದನ್ನು ತಿಳಿಸುವುದು; ಮತ್ತೊಂದು, ಬೆಳಕು ಕುಂದಿದುದನ್ನು ತಿಳಿಸುವುದು. ನಾಲ್ಕನೆಯದೇ ಎಲ್ಲಕ್ಕಿಂತ ವಿಚಿತ್ರವಾದುದು. ಚಿಕ್ಕದಾಗಿ, ಕಪ್ಪಾಗಿ, ದುಂಡಗಿರುವ ವಸ್ತುವು ಎದುರಿನಲ್ಲಿ ಚಲಿಸಿದರೆ ಮಾತ್ರ ಅದು ಚೆನ್ನಾಗಿ ಎಚ್ಚರಗೊಳ್ಳುವುದು. ಆ ಶೋಧಕರು ಕಪ್ಪೆಯ ಎದುರಿಗೆ ಹೂವು ಹುಲ್ಲುಗಳ ಬಣ್ಣದ ಚಿತ್ರವೊಂದನ್ನಿಟ್ಟು ಅದನ್ನು ಇಡಿಯಾಗಿ ಆಡಿಸಿದರು, ತಂತುವು ಮೌನವಾಗಿತ್ತು. ಅದೇ ಚಿತ್ರದ ಮೇಲೆ ನೊಣದಷ್ಟು ದೊಡ್ಡದಾದ ವಸ್ತುವನ್ನು ಸರಿಸಿದೊಡನೆ ತಂತುವು ಉತ್ತರ ಕೊಟ್ಟಿತು. ಆ ವಸ್ತುವನ್ನು ಚಿತ್ರಕ್ಕೆ ಅಂಟಿಸಿ ಎರಡನ್ನೂ ಒಟ್ಟಿಗೆ ಆಡಿಸಲು, ಪುನಃ ಮೌನ!

ಇದರಲ್ಲಿರುವ ಮರ್ಮವನ್ನು ವಾಚಕರು ಗಮನಿಸಬೇಕು. ಗಾಳಿಗೆ ಹುಲ್ಲೆಲ್ಲವೂ ತೂಗಿದರೆ ಕಪ್ಪೆಗೆ ಅದರಿಂದ ಲಾಭವಿಲ್ಲ. ಹುಲ್ಲಿನ ಚಲನೆಯನ್ನು ಬಿಟ್ಟು ಬೇರೆಯಾಗಿ ಚಲಿಸುವುದೇ ಅದಕ್ಕೆ ಆಹಾರ. ಹಿನ್ನೆಲೆಯಿಂದ ಬೇರ್ಪಟ್ಟ ಚಲನೆಯೇ ಕಣ್ಣಿಗೆ ಮುಖ್ಯ. ಆದುದರಿಂದಲೇ ಸತ್ತ ನೊಣಗಳನ್ನು ಸುತ್ತಲೂ ಹರಡಿದರೂ, ಅವು ಅಲುಗದಿದ್ದರೆ, ಕಪ್ಪೆಯು ಹಸಿದೇ ಇರುವುದು.

ಚಲಿಸುವುದೆಲ್ಲವೂ ಆಹಾರವಲ್ಲವಷ್ಟೆ, ಹಾವೂ ಚಲಿಸುತ್ತದೆ. ಇವುಗಳ ಭೇದವನ್ನು ಮೆದುಳು ಹೇಗೆ ಅರಿಯುವುದೆಂಬುದನ್ನು ಜರ್ಮನಿಯ ಎವರ್ಟ್ ಎಂಬ ವಿದ್ವಾಂಸರು ನೆಲಗಪ್ಪೆಗಳಲ್ಲಿ ಶೋಧಿಸಿದರು. ಕಾಗದದ ಉದ್ದನೆಯ ಪಟ್ಟಿಯೊಂದನ್ನು ಅದರ ಉದ್ದಕ್ಕೇ ಸರಿಸಿದರೆ ನೆಲಗಪ್ಪೆಯು ಹುಳುವೆಂದು ಬಗೆದು ಎರಗುವುದು. ಅದೇ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ಅದೇ ದಿಕ್ಕಿಗೆ ಸರಿಸಿದರೆ ಎರಗದು. ಮೆದುಳಿನ ಒಂದು ಭಾಗವು "ಹಿಡಿ" ಎಂದು ಪ್ರೇರಿಸಿದರೆ, ಇನ್ನೊಂದು ಭಾಗವು "ತಾಳು" ಎಂದು ತಡೆಯುತ್ತದೆ. ತಡೆಯುವ ಭಾಗವನ್ನು ಕೆಡಿಸಿದಾಗ, ಆ ಬಡ ಜಂತುವು ಬೆದರಿ ಓಡಬೇಕಾದ ದೊಡ್ಡ ವಸ್ತುವಿನ ಮೇಲೂ ಬಾಯಿ ಹಾಕಿತು. ವಿವೇಕವೆಂಬುದು ನೋಡುವುದರಲ್ಲಿ ಮಾತ್ರವಲ್ಲ, ತಡೆಯುವುದರಲ್ಲಿಯೂ ಇದೆಯೆಂದಾಯಿತು.

ಇದೆಲ್ಲವೂ ಕಪ್ಪೆಯ ಕಥೆ, ನಮಗೇನು ಎನ್ನಬಾರದು. ಕಪ್ಪೆಯಲ್ಲಿ ಈ ಕೆಲಸ ಮಾಡುವ ನಡುಮೆದುಳಿನ ಭಾಗಕ್ಕೆ ಸಮಾನವಾದುದು ನಮ್ಮಲ್ಲಿಯೂ ಇದೆ. ಓದುತ್ತಿರುವಾಗ ಕಡೆಗಣ್ಣಿನಲ್ಲಿ ಜಿರಳೆಯೊಂದು ಹರಿದರೆ, ಅದೇನೆಂದು ತಿಳಿಯುವ ಮೊದಲೇ ನಮ್ಮ ದೃಷ್ಟಿಯು ಅತ್ತ ಹೊರಳುವುದರಲ್ಲಿ ಅದರ ಪಾತ್ರವೂ ಉಂಟು. ಆದರೆ ಹಿನ್ನೆಲೆಯನ್ನು ಬಿಟ್ಟು ಪಕ್ಕಕ್ಕೆ ಸರಿಯುವುದನ್ನು ಬೇಗನೆ ಹಿಡಿಯುವ ಈ ಕಣ್ಣಿಗೆ, ನೇರವಾಗಿ ನಮ್ಮ ಕಡೆಗೇ ಬರುತ್ತಿರುವುದು ಅಷ್ಟು ಸುಲಭವಾಗಿ ತಿಳಿಯದು. ಅದು ಪಕ್ಕಕ್ಕೆ ಸರಿಯುವುದಿಲ್ಲ. ನಿಂತಲ್ಲೇ ನಿಂತು ಮೆಲ್ಲನೆ ದೊಡ್ಡದಾಗುವಂತೆ ಮಾತ್ರ ಕಾಣುತ್ತದೆ. ಗಂಟೆಗೆ 60 ಕಿಲೋಮೀಟರಿನಂತೆ ಬರುವ ಮೋಟಾರನ್ನು ತೆಗೆದುಕೊಳ್ಳಿರಿ. ಅದು 100 ಮೀಟರಿನಿಂದ 50 ಮೀಟರಿಗೆ ಬಂದು ಎರಡರಷ್ಟಾಗಿ ಕಾಣಲು 3 ಸೆಕೆಂಡು ಬೇಕು. 10 ಮೀಟರಿನಿಂದ 5 ಮೀಟರಿಗೆ ಬಂದು ಪುನಃ ಎರಡರಷ್ಟಾಗಲು ಸೆಕೆಂಡಿನ ಮೂರನೆಯ ಒಂದು ಪಾಲೂ ಬೇಡ. ದೂರದಲ್ಲಿ ನಿಂತಂತೆ ತೋರಿದುದು ಕೊನೆಗೆ ಒಮ್ಮೆಲೇ ಮೈಮೇಲೆ ಬಂದಂತಾಗುವುದು.

ಈ ಬೆಳವಣಿಗೆಯನ್ನು ಗ್ರಹಿಸುವ ಶಕ್ತಿಯು ಪ್ರಾಥಮಿಕ ಶಾಲೆಗೆ ಹೋಗುವ ಮಕ್ಕಳಲ್ಲಿ ದೊಡ್ಡವರಷ್ಟು ಪಕ್ವವಾಗಿರುವುದಿಲ್ಲವೆಂದೂ, ವಾಹನದ ವೇಗವು ಹೆಚ್ಚಿದಷ್ಟೂ ಅವರು ಹೆಚ್ಚಾಗಿ ಮೋಸಹೋಗುವರೆಂದೂ 2011ರಲ್ಲಿ ಇಂಗ್ಲೆಂಡಿನ ಶೋಧಕರು ಪ್ರಕಟಿಸಿದರು. ಆದ ಕಾರಣ "ಎರಡು ಕಡೆಯೂ ನೋಡಿ ದಾಟು" ಎಂದು ಹೇಳಿ ಮಗುವನ್ನು ಒಂಟಿಯಾಗಿ ಕಳುಹಿಸುವುದು ಸಾಲದು. ಮಗುವು ಎರಡು ಕಡೆಯೂ ನೋಡಿಯೇ ನೋಡುತ್ತದೆ. ಆದರೆ ನೋಡಿದ ಮೋಟಾರು ಅದಕ್ಕೆ ಬರುತ್ತಿರುವಂತೆ ಕಾಣದಿರಬಹುದು. ಕೆಲವು ವರ್ಷಗಳವರೆಗೆ ಅದರ ಕೈಯನ್ನು ನಾವೇ ಹಿಡಿದಿರಬೇಕು. ರಸ್ತೆಯಲ್ಲಿ ದೂರದ ವಾಹನವು ನಿಂತಂತೆ ಕಂಡರೂ ಅದು ಬರುತ್ತಿದೆಯೆಂದೇ ತಿಳಿಯುವ ಅಭ್ಯಾಸವನ್ನು ಕಲಿಸಬೇಕು. ರಸ್ತೆಯಂಚಿನಲ್ಲಿ ಮಗುವು ತಪ್ಪು ಹೆಜ್ಜೆಯಿಟ್ಟಾಗ "ಕಣ್ಣು ಕಾಣಿಸುವುದಿಲ್ಲವೇ?" ಎಂದು ಗದರುವ ಮೊದಲು, ಹಲ್ಲಿಯನ್ನು ಕುರಿತು ಅದೇ ಮಗುವು ಕೇಳಿದ ಪ್ರಶ್ನೆಯನ್ನು ನೆನೆಯೋಣ. ಕಣ್ಣು ಕಾಣುತ್ತದೆ, ನಿಜ, ಎಲ್ಲವನ್ನೂ ಕಾಣುವುದಿಲ್ಲ.