ಬಾಣಂತಿಯ ಮಂಚದ ಪಕ್ಕ ಕೂಸಿಗೊಂದು ಜಾಗ

ತಮಿಳುನಾಡು ಸರ್ಕಾರದ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆಯ ಕಾರ್ಯದರ್ಶಿಯವರಿಗೆ, ಸೇಂಟ್ ಜಾರ್ಜ್ ಕೋಟೆ, ಚೆನ್ನೈ: ಒಂದು ಬಹಿರಂಗ ಪತ್ರ



ಹಸುಗೂಸು ದಿನದ ಹದಿನಾರು ಗಂಟೆಯ ಆಸುಪಾಸು ನಿದ್ದೆಯಲ್ಲೇ ಕಳೆಯುತ್ತದೆ. ಅದು ಎಲ್ಲಿ ಮಲಗಬೇಕು ಎಂಬುದಕ್ಕೆ ಮಕ್ಕಳ ವೈದ್ಯರ ಉತ್ತರ ಚಿಕ್ಕದು. ತಾಯಿ ಮಲಗುವ ಕೋಣೆಯಲ್ಲೇ, ಅವಳ ಕೈಗೆಟುಕುವಷ್ಟು ಹತ್ತಿರದಲ್ಲಿ, ಆದರೆ ತನ್ನದೇ ಹಾಸಿಗೆಯ ಮೇಲೆ. ಆ ಹಾಸಿಗೆ ಗಟ್ಟಿಯಾಗಿರಬೇಕು, ಸಮತಟ್ಟಾಗಿರಬೇಕು, ಮೇಲೆ ಬೇರೇನೂ ಇರಬಾರದು; ಮಗು ಅಂಗಾತ ಮಲಗಿರಬೇಕು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ತಿರುಳು ಇಷ್ಟೇ. ಕನಿಷ್ಠ ಆರು ತಿಂಗಳಾದರೂ ಹೀಗೆ ನಡೆಯಲಿ ಎಂದು ಅದು ಹೇಳುತ್ತದೆ. ಚೆನ್ನೈನ ಎಷ್ಟೋ ಮನೆಗಳ ಸ್ಥಿತಿ ಬೇರೆ. ಒಂದೇ ಕೋಣೆ, ಚಾವಣಿಗೊಂದು ಕೊಕ್ಕೆ, ನೆಲಕ್ಕೆ ಕೋರೆ ಹುಲ್ಲಿನ ಚಾಪೆ, ಏಪ್ರಿಲ್ ಬಂದರೆ ಸೆಕೆ, ಮಳೆ ಬಂದರೆ ಸೊಳ್ಳೆ. ಆ ಚಿಕ್ಕ ಉತ್ತರವನ್ನು ಈ ಮನೆಗಳಿಗೆ ಹೊಂದಿಸುವ ಕೆಲಸ ಇಲಾಖೆಯದು. ಅದಕ್ಕೆ ಬೇಕಾದ ಸಾಧನವೂ ಇಲಾಖೆಯ ಕೈಯಲ್ಲೇ ಇದೆ.

ಅಂಗಾತ ಮಲಗಿಸುವುದರ ಹಿಂದೆ ಕೂಸಿನ ದೇಹರಚನೆಯ ಕಾರಣವಿದೆ. ನವಜಾತ ಶಿಶುವಿನ ತಲೆ ದೇಹಕ್ಕೆ ಹೋಲಿಸಿದರೆ ದೊಡ್ಡದು, ಹಿಂದಲೆ ಉಬ್ಬಿರುತ್ತದೆ, ಕುತ್ತಿಗೆಗೆ ಕಸುವಿಲ್ಲ, ಶ್ವಾಸನಾಳ ಕಿರಿದು. ಬೋರಲು ಮಲಗಿ ಮೆತ್ತನೆಯ ಹಾಸಿಗೆಯಲ್ಲಿ ಮುಖ ಹೂತರೆ ತಾನು ಬಿಟ್ಟ ಉಸಿರನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ತಲೆ ಎತ್ತಿ ಪಕ್ಕಕ್ಕೆ ಹೊರಳಿಸುವ ಶಕ್ತಿ ಅದಕ್ಕಿಲ್ಲ. ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ ಎಂಬ ಭಯ ಮನೆಮನೆಯಲ್ಲೂ ಇದೆ. ವಾಸ್ತವದಲ್ಲಿ ಅಂಗಾತ ಮಲಗಿದಾಗ ಶ್ವಾಸನಾಳ ಮೇಲೆ, ಅನ್ನನಾಳ ಕೆಳಗೆ ಇರುತ್ತದೆ. ಕಕ್ಕಿದ್ದು ಮೇಲಕ್ಕೇರಿ ಶ್ವಾಸನಾಳ ಸೇರುವುದಕ್ಕಿಂತ ಮತ್ತೆ ಹೊಟ್ಟೆಗೆ ಹೋಗುವುದೇ ಸುಲಭ. ಪಶ್ಚಿಮದ ವೈದ್ಯರಿಗೂ ಇದು ಹೊಳೆದದ್ದು ತಡವಾಗಿ. ದಶಕಗಳ ಕಾಲ ಬೋರಲು ಮಲಗಿಸಿ ಎಂದು ತಾಯಂದಿರಿಗೆ ಹೇಳಿಕೊಟ್ಟವರೇ ಅವರು. ನೆದರ್ಲೆಂಡ್ಸ್‌ನಲ್ಲಿ 1980ರ ದಶಕದ ಕೊನೆಗೆ, ಬ್ರಿಟನ್ನಿನಲ್ಲಿ 1991ರಲ್ಲಿ, ಅಮೆರಿಕದಲ್ಲಿ 1994ರಲ್ಲಿ ಅಂಗಾತ ಮಲಗಿಸುವ ಪ್ರಚಾರ ಶುರುವಾಯಿತು. ಅಮೆರಿಕದಲ್ಲಿ ನಿದ್ದೆಯಲ್ಲಿ ಆಗುತ್ತಿದ್ದ, ಕಾರಣ ತಿಳಿಯದ ಶಿಶುಸಾವುಗಳು ಸುಮಾರು ಒಂದು ದಶಕದಲ್ಲಿ ಅರ್ಧಕ್ಕಿಳಿದವು. ಔಷಧಿಯಿಲ್ಲ, ಲಸಿಕೆಯಿಲ್ಲ, ಮಗುವನ್ನು ಮಲಗಿಸುವ ಮಗ್ಗುಲು ಬದಲಾಯಿತು, ಅಷ್ಟೆ.

ಚೆನ್ನೈನಲ್ಲಿ ಮೊದಲು ಮಾತಾಡಬೇಕಾದ್ದು ಸೀರೆ ಜೋಲಿಯ ಬಗ್ಗೆ. ತಮಿಳರು ತೂಳಿ ಎನ್ನುತ್ತಾರೆ, ಕೆಲವೆಡೆ ಏಣೈ. ಅಜ್ಜಿಯದೋ ಅಮ್ಮನದೋ ಹಳೆಯ ನೂಲಿನ ಸೀರೆ, ಕೊಕ್ಕೆಗೆ ಸಿಕ್ಕಿಸಿದ ಕಬ್ಬಿಣದ ಸ್ಪ್ರಿಂಗ್, ಬಟ್ಟೆ ಮುಚ್ಚಿಕೊಳ್ಳದಂತೆ ಅಡ್ಡಕ್ಕೆ ಕೊಟ್ಟ ಮರದ ಕಡ್ಡಿ. ಆ ಕಡ್ಡಿಗೆ ಅಂಗಡಿಯಲ್ಲಿ ತೊಟ್ಟಿಲ್ ಕಂಬು ಎಂದರೆ ಸಾಕು. ಹತ್ತು ಅಡಿಯ ಕೋಣೆಯಲ್ಲಿ ಇದಕ್ಕಿಂತ ಕಡಿಮೆ ಜಾಗ ತಿನ್ನುವ ತೊಟ್ಟಿಲು ಇಲ್ಲ. ನಾಲ್ಕೂ ಕಡೆ ಗಾಳಿ, ನೆಲದ ಇರುವೆ ಜಿರಲೆಯ ಕಾಟವಿಲ್ಲ, ಒಂದು ಕೈಯಲ್ಲಿ ತೂಗುತ್ತ ಇನ್ನೊಂದರಲ್ಲಿ ಸೊಪ್ಪು ಬಿಡಿಸಬಹುದು. ಜನ ಅದನ್ನು ಬಿಡದಿರುವುದು ಅಜ್ಞಾನದಿಂದಲ್ಲ. ಆದರೆ ಜೋಲಿಯ ತಳ ಸಮತಟ್ಟಲ್ಲ. ಕೂಸು ಅದರಲ್ಲಿ ಬಾಗಿ ಕೂರುತ್ತದೆ, ಗದ್ದ ಎದೆಗೆ ತಾಗುತ್ತದೆ, ಕಿರಿದಾದ ಶ್ವಾಸನಾಳ ಮಡಚಿಕೊಳ್ಳುತ್ತದೆ. ಹಾಗಾದಾಗ ಮಗು ಅಳುವುದೂ ಇಲ್ಲ, ಒದ್ದಾಡುವುದೂ ಇಲ್ಲ. ಬಟ್ಟೆಯ ಎರಡು ಅಂಚು ಕೂಡಿಕೊಂಡರೆ ಹೊರಗಿನವರಿಗೆ ಮುಖವೂ ಕಾಣಿಸುವುದಿಲ್ಲ. ತೂಕ ಕಡಿಮೆಯಿದ್ದು ಹುಟ್ಟಿದ ಮಕ್ಕಳಿಗೆ, ತಿಂಗಳು ತುಂಬುವ ಮೊದಲೇ ಹುಟ್ಟಿದವಕ್ಕೆ ಈ ಅಪಾಯ ಇನ್ನೂ ಹೆಚ್ಚು.

ಓರೆಯಾದ ಹಾಸಿಗೆಯ ಅಪಾಯ ಬಡವರ ಮನೆಗೆ ಮೀಸಲಾದದ್ದಲ್ಲ. ಅಮೆರಿಕದಲ್ಲಿ ಭಾರೀ ಮಾರಾಟವಾದ, ಫಿಶರ್-ಪ್ರೈಸ್ ಕಂಪನಿಯ 'ರಾಕ್ ಎನ್ ಪ್ಲೇ' ಎಂಬ ಓರೆ ತೊಟ್ಟಿಲನ್ನು 2019ರ ಏಪ್ರಿಲ್‌ನಲ್ಲಿ ಹಿಂದಕ್ಕೆ ಕರೆಸಿಕೊಳ್ಳಲಾಯಿತು. ಅಷ್ಟರಲ್ಲಿ ಮನೆಗಳಿಗೆ ಹೋಗಿದ್ದವು ಸುಮಾರು 47 ಲಕ್ಷ. 2022ರ ಕಾನೂನು ಅಲ್ಲಿ 10 ಡಿಗ್ರಿಗಿಂತ ಹೆಚ್ಚು ಓರೆಯಿರುವ ಶಿಶು ಹಾಸಿಗೆಗಳನ್ನೂ ತೊಟ್ಟಿಲ ಸುತ್ತ ಕಟ್ಟುವ ಮೆತ್ತೆಗಳನ್ನೂ ನಿಷೇಧಿಸಿತು. ಜೋಲಿಯ ಬಾಗು 10 ಡಿಗ್ರಿಯಲ್ಲಿ ನಿಲ್ಲುವಂಥದ್ದಲ್ಲ ಎಂಬುದು ಕಣ್ಣಿಗೇ ಗೊತ್ತಾಗುತ್ತದೆ.

ಹಾಗೆಂದು ಜೋಲಿಯನ್ನು ನಿಷೇಧಿಸುವ ಆದೇಶ ಹೊರಡಿಸಿದರೆ ಅದು ಕಡತದಲ್ಲಿ ಉಳಿಯುತ್ತದೆ, ಜೋಲಿ ಮನೆಯಲ್ಲಿ ಉಳಿಯುತ್ತದೆ. ಹೇಳಬಹುದಾದ್ದು ಬೇರೆ. ಜೋಲಿ ಹಗಲಿಗೆ, ಕಣ್ಣಳತೆಯಲ್ಲಿ ದೊಡ್ಡವರು ಎಚ್ಚರವಿರುವಾಗ ಮಾತ್ರ. ಅಗಲ ಬಟ್ಟೆ, ಕಡ್ಡಿ ಕಡ್ಡಾಯ, ನೆಲದಿಂದ ಒಂದು ಗೇಣು ಎತ್ತರ ಸಾಕು. ನಿದ್ದೆ ಹತ್ತಿದ ಮೇಲೆ ಎತ್ತಿ ಸಮತಟ್ಟಾದ ಹಾಸಿಗೆಗೆ. ಮಗುವಿಲ್ಲದಾಗ ಬಟ್ಟೆಯನ್ನು ಬಿಚ್ಚಿ ಮೇಲೆ ಸುತ್ತಿಡಬೇಕು, ಏಕೆಂದರೆ ಖಾಲಿ ಜೋಲಿಯಲ್ಲಿ ತಿರುಗಿ ತಿರುಗಿ ಆಡುವ ಅಣ್ಣ ಅಕ್ಕಂದಿರ ಕುತ್ತಿಗೆಗೆ ಅದು ಉರುಳಾದ ಪ್ರಕರಣಗಳು ದಕ್ಷಿಣ ಭಾರತದ ವಿಧಿವಿಜ್ಞಾನ ವೈದ್ಯರಿಗೆ ಹೊಸವಲ್ಲ.

ಇನ್ನೊಂದು ಕೊನೆಯಲ್ಲಿ, ಅಣ್ಣಾನಗರ ಅಡ್ಯಾರ್‌ಗಳ ಫ್ಲ್ಯಾಟುಗಳಲ್ಲಿ, ಆನ್‌ಲೈನ್ ಆರ್ಡರಿನ ಬೆಡ್‌ಸೈಡ್ ಕ್ರಿಬ್ ಬಂದಿದೆ. ಮೂರು ಕಡೆ ಜಾಲರಿ ಗೋಡೆ, ನಾಲ್ಕನೆಯ ಕಡೆ ತಗ್ಗಿಸಿ ತಾಯಿಯ ಮಂಚಕ್ಕೆ ಬೆಲ್ಟಿನಿಂದ ಬಿಗಿಯುವ ಪುಟ್ಟ ಮಂಚ. ಇದರ ಉಪಯೋಗ ದೊಡ್ಡದು, ಅದರಲ್ಲೂ ಹೊಟ್ಟೆ ಕೊಯ್ದು ಹೆರಿಗೆಯಾದವರಿಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ತಮಿಳುನಾಡಿನಲ್ಲಿ ನೂರಕ್ಕೆ ಸುಮಾರು 45 ಹೆರಿಗೆ ಸಿಸೇರಿಯನ್. ಹೊಲಿಗೆ ಹಾಕಿಸಿಕೊಂಡವಳು ಮೊದಲ ವಾರಗಳಲ್ಲಿ ನೆಲಕ್ಕೆ ಬಗ್ಗಲಾರಳು, ಆಳದ ತೊಟ್ಟಿಲಿಗೂ ಬಗ್ಗಲಾರಳು; ಕೈ ಚಾಚಿದರೆ ಸಿಗುವಂತೆ ಕೂಸು ಪಕ್ಕದಲ್ಲಿದ್ದರೆ ರಾತ್ರಿಯ ಹಾಲೂಡಿಕೆ ಹಗುರ. ಆದರೆ ಕೊಳ್ಳುವವರು ನೋಡಬೇಕಾದ್ದು ಬಣ್ಣವನ್ನಲ್ಲ. ಕ್ರಿಬ್ಬಿಗೂ ಮಂಚಕ್ಕೂ ನಡುವೆ ಸಂದು ಇರಲೇಬಾರದು. ಇದ್ದರೆ ಕೂಸು ಜಾರಿ ಅಲ್ಲಿ ಸಿಕ್ಕಿಕೊಳ್ಳುತ್ತದೆ, ದಿಂಬು ತುರುಕಿ ಆ ಸಂದನ್ನು ಮುಚ್ಚುವುದು ಇನ್ನೂ ಕೆಟ್ಟದ್ದು. ನಮ್ಮ ಮಂಚಗಳಲ್ಲಿ ಅನೇಕವು ಅಡಿಯಲ್ಲಿ ಪೆಟ್ಟಿಗೆಯಿರುವ ಸ್ಟೋರೇಜ್ ಮಂಚಗಳು. ಬೆಲ್ಟ್ ಸುತ್ತಲು ಅವುಗಳಿಗೆ ಚೌಕಟ್ಟೇ ಸಿಗುವುದಿಲ್ಲ. ಅಂಥ ಮನೆಯಲ್ಲಿ ನಾಲ್ಕನೆಯ ಗೋಡೆಯನ್ನೂ ಎತ್ತಿ ಕ್ರಿಬ್ಬನ್ನು ಸುಮ್ಮನೆ ಪಕ್ಕದಲ್ಲಿಡುವುದೇ ಸರಿ. ಹಾಸಿಗೆ ಕ್ರಿಬ್ಬಿನ ಜೊತೆ ಬಂದದ್ದೇ ಇರಲಿ, ಮೇಲೊಂದು ಸೇರಿಸಬಾರದು. ಮಗು ಮಗುಚಿಕೊಳ್ಳಲು, ಕೈಯೂರಿ ಏಳಲು ತೊಡಗಿದ ದಿನ ಕ್ರಿಬ್ಬಿನ ಆಯುಷ್ಯ ಮುಗಿಯಿತು. ಅಮೆರಿಕದಲ್ಲಿ ಇಂಥ ಕ್ರಿಬ್ಬುಗಳಿಗೆ 2014ರಿಂದ ಕಡ್ಡಾಯ ಮಾನಕವಿದೆ, ಯುರೋಪಿನ ಇಎನ್ 1130 ಮಾನಕ 2019ರ ಪರಿಷ್ಕರಣೆಯಲ್ಲಿ ಇವನ್ನೂ ಒಳಗೊಂಡಿತು. ಭಾರತದಲ್ಲಿ 2021ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಗಿಲಿಕೆಯ ಮೇಲೆ ಬಿದ್ದ ಸರ್ಕಾರದ ಕಣ್ಣು ಮಗು ರಾತ್ರಿಯಿಡೀ ಮಲಗುವ ಮಂಚದ ಮೇಲೂ ಅಷ್ಟೇ ತೀಕ್ಷ್ಣವಾಗಿ ಬೀಳಬೇಕೆಂದು ಕೇಂದ್ರಕ್ಕೆ ಬರೆಯುವುದು ರಾಜ್ಯಕ್ಕೆ ಕಷ್ಟವಲ್ಲ.

ತಲೆಮಾರಿನಿಂದ ಬಂದ ಸಾಗುವಾನಿ ತೊಟ್ಟಿಲ ಬಗ್ಗೆ ಎರಡೇ ಮಾತು. ಸರಳುಗಳ ನಡುವೆ 6 ಸೆಂಟಿಮೀಟರಿಗಿಂತ ಹೆಚ್ಚು ಸಂದಿದ್ದರೆ ಮೈ ತೂರಿ ತಲೆ ಸಿಕ್ಕಿಕೊಳ್ಳಬಹುದು. ಹಳೆಯ ಬಣ್ಣದಲ್ಲಿ ಸೀಸವಿರಬಹುದು. ಬಣ್ಣದಲ್ಲಿನ ಸೀಸಕ್ಕೆ ದೇಶದಲ್ಲಿ ಕಟ್ಟುನಿಟ್ಟಿನ ಮಿತಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ.

ಚೆನ್ನೈನ ಬಹುಪಾಲು ಕೂಸುಗಳು ಮಲಗುವುದು ಕ್ರಿಬ್ಬಿನಲ್ಲೂ ಅಲ್ಲ, ಸಾಗುವಾನಿ ತೊಟ್ಟಿಲಲ್ಲೂ ಅಲ್ಲ, ತಾಯಿಯ ಮಗ್ಗುಲಲ್ಲಿ. ವ್ಯಾಸರಪಾಡಿಯ ಒಂದು ಕೋಣೆಯ ಮನೆಯಲ್ಲಾಗಲಿ ಪೆರುಂಬಾಕ್ಕಂನ ಪುನರ್ವಸತಿ ವಸತಿಯಲ್ಲಾಗಲಿ ಮಂಚವೇ ಇಲ್ಲದಿರಬಹುದು. ಇದನ್ನು ಕೊರತೆಯೆಂದು ನೋಡಬೇಕಾಗಿಲ್ಲ. ನೆಲ ಗಟ್ಟಿ, ನೆಲ ಸಮತಟ್ಟು, ನೆಲದಿಂದ ಬೀಳುವ ಭಯವಿಲ್ಲ. ಚಾಪೆಯ ಮೇಲೆ ನಾಲ್ಕು ಮಡಿಕೆಯ ಹತ್ತಿ ಬಟ್ಟೆ, ಅದರ ಮೇಲೊಂದು ಬಿಗಿಯಾಗಿ ಎಳೆದ ಬಿಳಿ ಪಂಚೆ, ತಾಯಿಯ ಹಾಸಿಗೆಯಿಂದ ಮೊಳದಷ್ಟು ದೂರ. ಇದು ಸಾವಿರಾರು ರೂಪಾಯಿಯ ಕ್ರಿಬ್ಬಿಗೆ ಯಾವ ಲೆಕ್ಕದಲ್ಲೂ ಕಡಿಮೆಯಲ್ಲ. ಕೆಡುವುದು ಪ್ರೀತಿಯಿಂದ ಸೇರಿಸುವ ವಸ್ತುಗಳಿಂದ: ಕೂಸು ಅರ್ಧ ಮುಳುಗುವ ಇಲವಂ ಪಂಜು (ಬೂರುಗದ ಅರಳೆ) ಹಾಸಿಗೆ, ತಲೆ ದುಂಡಗಾಗಲೆಂದು ಇಟ್ಟ ಸಾಸಿವೆ ದಿಂಬು, ಎರಡೂ ಕಡೆ ಒತ್ತಿಟ್ಟ ಸುರುಳಿ ದಿಂಬು, ದೃಷ್ಟಿಗೆಂದು ಕುತ್ತಿಗೆಗೆ ಕಟ್ಟಿದ ಕರಿದಾರ.

ತಾಯಿಯ ಹಾಸಿಗೆಯಲ್ಲೇ ಮಲಗಿಸುವ ವಿಷಯದಲ್ಲಿ ವೈದ್ಯರು ಒಮ್ಮತದಲ್ಲಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಬೇಡ ಎನ್ನುತ್ತದೆ. ಎದೆಹಾಲಿನ ವೈದ್ಯಕೀಯ ಅಕಾಡೆಮಿ ತನ್ನ 2020ರ ಸೂಚಿಯಲ್ಲಿ ಬೇರೆ ಅಪಾಯಗಳಿಲ್ಲದ, ಹಾಲೂಡಿಸುವ ತಾಯಿಗೆ ಬೇಡ ಎನ್ನಬೇಕಿಲ್ಲ ಎಂದಿದೆ. ಆ ಅಪಾಯಗಳ ಬಗ್ಗೆ ಮಾತ್ರ ಇಬ್ಬರದೂ ಒಂದೇ ಮಾತು. ಬೀಡಿ ಸಿಗರೇಟು ಸೇದುವವರು, ಕುಡಿದವರು, ನಿದ್ದೆ ಬರಿಸುವ ಔಷಧಿ ತೆಗೆದುಕೊಂಡವರು ಪಕ್ಕದಲ್ಲಿದ್ದರೆ, ಅಥವಾ ಕೂಸಿನ ತೂಕ ಕಡಿಮೆಯಿದ್ದರೆ, ಒಂದೇ ಹಾಸಿಗೆ ಕೂಡದು. ಸೋಫಾದ ಮೇಲೆ ಕೂಸನ್ನು ಅಪ್ಪಿಕೊಂಡು ನಿದ್ದೆ ಹೋಗುವುದು ಎಲ್ಲಕ್ಕಿಂತ ಅಪಾಯಕರ. ಭಾರತದಲ್ಲಿ ಹುಟ್ಟುವ ಮಕ್ಕಳಲ್ಲಿ ನೂರಕ್ಕೆ 18ರಷ್ಟು ಕಡಿಮೆ ತೂಕದವು ಎಂದ ಮೇಲೆ ಈ ಮಾತು ಯಾರೋ ಕೆಲವರಿಗೆ ಹೇಳಿ ಬಿಡುವಂಥದ್ದಲ್ಲ.

ಸೆಕೆಯ ವಿಷಯದಲ್ಲಿ ಪಶ್ಚಿಮದ ಪುಸ್ತಕ ಇಲ್ಲಿಗೆ ಒಗ್ಗುವುದಿಲ್ಲ. ಬ್ರಿಟನ್ನಿನ ಸಲಹೆಯಂತೆ ಕೋಣೆಯನ್ನು 16ರಿಂದ 20 ಡಿಗ್ರಿಯಲ್ಲಿಡಲು ಚೆನ್ನೈನಲ್ಲಿ ಹೆಚ್ಚಿನವರಿಂದ ಆಗದು, ಆಗಬೇಕಾಗಿಯೂ ಇಲ್ಲ. ಕೂಸಿಗೆ ಅತಿ ಸೆಕೆಯಾದರೂ ಅಪಾಯ ಹೆಚ್ಚುತ್ತದೆ ಎಂಬುದಷ್ಟೇ ನೆನಪಿರಬೇಕಾದ್ದು. ಮೇ ತಿಂಗಳಲ್ಲಿ ಕುಲಾವಿ, ಕಾಲುಚೀಲ, ಸ್ವೆಟರ್ ಹಾಕಿ ಮೇಲೆ ಕಂಬಳಿ ಹೊದಿಸಿದ ಕೂಸನ್ನು ಕಂಡವರಿಗೆ ಇದು ಅರ್ಥವಾದೀತು. ಕೈಕಾಲು ತಣ್ಣಗಿರುವುದು ಲೆಕ್ಕಕ್ಕಿಲ್ಲ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಬೇಕು, ಅಲ್ಲಿ ಬೆವರಿದ್ದರೆ ಒಂದು ಬಟ್ಟೆ ತೆಗೆಯಬೇಕು. ಫ್ಯಾನ್ ಗಾಳಿ ಕೂಸಿಗೆ ಆಗದು ಎನ್ನುವವರುಂಟು. ಕ್ಯಾಲಿಫೋರ್ನಿಯಾದ 2008ರ ಒಂದು ಅಧ್ಯಯನದಲ್ಲಿ ಫ್ಯಾನ್ ಇದ್ದ ಕೋಣೆಗಳಲ್ಲಿ ನಿದ್ದೆಯ ಸಾವು ಕಡಿಮೆ ಕಂಡಿತ್ತು; ಒಂದೇ ಅಧ್ಯಯನವನ್ನು ನಂಬಿ ನಿಯಮ ಮಾಡಲಾಗದು, ಆದರೆ ಫ್ಯಾನಿಗೆ ಹೆದರಬೇಕಾಗಿಲ್ಲ. ಸೊಳ್ಳೆಪರದೆ ಮಾತ್ರ ಬೇಕೇ ಬೇಕು. ಚೆನ್ನೈನ ಮಲೇರಿಯಾ ಹಬ್ಬಿಸುವ ಸೊಳ್ಳೆ ಬಾವಿ ಮತ್ತು ಮಹಡಿಯ ನೀರಿನ ತೊಟ್ಟಿಗಳಲ್ಲಿ ಬೆಳೆಯುವಂಥದ್ದು, ಡೆಂಗಿಯ ಸೊಳ್ಳೆ ಹಗಲಲ್ಲೇ ಕಚ್ಚುವಂಥದ್ದು. ಪರದೆ ಬಿಗಿಯಾಗಿರಬೇಕು, ಮುಖದ ಮೇಲೆ ಬೀಳಬಾರದು. ಕೊಡೆಯಂತೆ ಮಡಚುವ ಪರದೆಯ ಜೊತೆ ಬರುವ ಮೆತ್ತನೆಯ ಫೋಮ್ ಹಾಸಿಗೆ ಮತ್ತು ದಿಂಬನ್ನು ಪಕ್ಕಕ್ಕಿಟ್ಟು ಪರದೆಯನ್ನಷ್ಟೇ ಬಳಸಬಹುದು.

ಇಲಾಖೆಯ ಕೈಯಲ್ಲಿರುವ ಸಾಧನ ಯಾವುದೆಂದರೆ ಶಿಶು ಕಿಟ್. ಸರ್ಕಾರಿ ಆಸ್ಪತ್ರೆಗಳಲ್ಲಿ ಹುಟ್ಟುವ ಮಕ್ಕಳಿಗೆಂದು 2015ರಲ್ಲಿ ಶುರುವಾದ 'ಅಮ್ಮ' ಶಿಶು ಕಿಟ್‌ನಲ್ಲಿ 16 ವಸ್ತುಗಳಿದ್ದವು: ಟವೆಲು, ಅಂಗಿ, ಎಣ್ಣೆ, ಸೋಪು, ಗಿಲಿಕೆ, ಗೊಂಬೆ, ತಾಯಿಗೆ ಸೌಭಾಗ್ಯ ಶುಂಠಿ ಲೇಹ್ಯ, ಜೊತೆಗೆ ಒಂದು ಪುಟ್ಟ ಹಾಸಿಗೆ ಮತ್ತು ಸೊಳ್ಳೆಪರದೆ. ಕರ್ನಾಟಕದಲ್ಲಿ 2007ರಲ್ಲಿ ಆರಂಭವಾದ 'ಮಡಿಲು' ಕಿಟ್‌ನಲ್ಲೂ ಸೊಳ್ಳೆಪರದೆಯಿತ್ತು, ಮಗುವಿಗೆ ಹಾಸಿಗೆಯಿತ್ತು. ಅಂದರೆ ಲಕ್ಷಾಂತರ ಕೂಸುಗಳ ಮೊದಲ ಹಾಸಿಗೆಯನ್ನು ಆರಿಸಿದ್ದು ಅವುಗಳ ಅಪ್ಪ ಅಮ್ಮಂದಿರಲ್ಲ, ಟೆಂಡರ್ ಬರೆದ ಕಚೇರಿ. ಫಿನ್ಲೆಂಡ್ 1938ರಿಂದ ಬಡ ತಾಯಂದಿರಿಗೂ 1949ರಿಂದ ಎಲ್ಲ ತಾಯಂದಿರಿಗೂ ಕೊಡುತ್ತ ಬಂದ ರಟ್ಟಿನ ಪೆಟ್ಟಿಗೆಗೆ ತಳದಲ್ಲೊಂದು ತೆಳು ಹಾಸಿಗೆಯಿರುತ್ತದೆ. ಪೆಟ್ಟಿಗೆಯೇ ಅಲ್ಲಿನ ಅನೇಕ ಮಕ್ಕಳ ಮೊದಲ ಮಂಚ.

ಹಾಗಾಗಿ ಮುಂದಿನ ಖರೀದಿಯ ಕಾಗದದಲ್ಲಿ ಹಾಸಿಗೆಯ ಉದ್ದ ಅಗಲದ ಜೊತೆ ಗಟ್ಟಿತನವೂ ನಮೂದಾಗಬೇಕು. ಅಂಗೈಯಿಂದ ಒತ್ತಿ ಬಿಟ್ಟರೆ ಗುಂಡಿ ಉಳಿಯುವ ಹಾಸಿಗೆ ತಿರಸ್ಕೃತವಾಗಬೇಕು, ದಿಂಬು ಸೇರಬಾರದು, ಗೊಂಬೆ ಬೇಕಾದರೆ ಇರಲಿ, ಅದು ಹಾಸಿಗೆಯ ಹೊರಗಿರಬೇಕೆಂದು ಚೀಲದ ಮೇಲೆ ಚಿತ್ರವಿರಲಿ. ತಮಿಳುನಾಡಿನ ಹೆರಿಗೆಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಆಸ್ಪತ್ರೆಗಳಲ್ಲೇ ಆಗುತ್ತವೆ. ತಾಯಿಯನ್ನು ಮನೆಗೆ ಕಳಿಸುವ ಮುನ್ನ ಒಬ್ಬ ನರ್ಸಮ್ಮ ಕಿಟ್ ಬಿಚ್ಚಿ ಹಾಸಿಗೆ ಹಾಸಿ ಕೂಸನ್ನು ಅಂಗಾತ ಮಲಗಿಸಿ ತೋರಿಸಲು ಐದು ನಿಮಿಷ ಸಾಕು. ಅಜ್ಜಿಯೂ ಅಲ್ಲಿದ್ದರೆ ಒಳ್ಳೆಯದು, ಮನೆಯಲ್ಲಿ ಕೂಸನ್ನು ಮಲಗಿಸುವವಳು ಅವಳೇ. ಎಗ್ಮೋರಿನ 1844ರ ಹೆರಿಗೆ ಆಸ್ಪತ್ರೆಯಲ್ಲೋ ಟ್ರಿಪ್ಲಿಕೇನಿನ ಕಸ್ತೂರಬಾ ಗಾಂಧಿ ಆಸ್ಪತ್ರೆಯಲ್ಲೋ ಇದನ್ನು ಶುರುಮಾಡಬಹುದು. ಆಮೇಲೆ ಮನೆಗೆ ಬರುವ ನಗರ ಆರೋಗ್ಯ ನರ್ಸ್ ತೂಕ, ಹೊಕ್ಕುಳು ನೋಡುವಾಗಲೇ ಮಲಗುವ ಜಾಗವನ್ನೂ ನೋಡಲಿ. ಸೂಚನೆಯ ಹಾಳೆ ತಮಿಳಿನಲ್ಲಿ ಮಾತ್ರ ಇದ್ದರೆ ಹೊಸೂರಿನ, ತಾಳವಾಡಿಯ ಕನ್ನಡದ ತಾಯಂದಿರಲ್ಲಿ ಅನೇಕರು ಅದನ್ನು ಓದಲಾರರು; ಅಲ್ಲಿಗೆ ಕನ್ನಡದ ಹಾಳೆ ಬೇಕು.

ಕೊನೆಯದು ಲೆಕ್ಕದ ಮಾತು. 2020ರಲ್ಲಿ ತಮಿಳುನಾಡಿನ ಶಿಶುಮರಣ ಪ್ರಮಾಣ ಸಾವಿರಕ್ಕೆ 13, ದೇಶದ್ದು 28. ಸೋಂಕಿನ ಸಾವು ತಗ್ಗಿದಂತೆ, ಈವರೆಗೆ ಕಣ್ಣಿಗೆ ಬೀಳದ ಕಾರಣಗಳು ಮೇಲೆ ಬರುತ್ತವೆ. ನಿದ್ದೆಯಲ್ಲಿ ಹೋದ ಮಗುವಿನ ಸಾವಿಗೆ ಕಾರಣ ಹೇಳಲು ಮರಣೋತ್ತರ ಪರೀಕ್ಷೆಯೂ ಮಲಗಿದ್ದ ಜಾಗದ ಪರಿಶೀಲನೆಯೂ ಬೇಕಾಗುತ್ತದೆ. ಶಿಶುಮರಣ ವಿಮರ್ಶೆಯಲ್ಲಿ ಮಗು ಎಲ್ಲಿ ಮಲಗಿತ್ತು, ಯಾವ ಮಗ್ಗುಲಲ್ಲಿ, ಯಾವ ಹಾಸಿಗೆಯ ಮೇಲೆ, ಯಾರ ಪಕ್ಕದಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ತಪ್ಪದೆ ಉತ್ತರ ಬರೆಸಿ, ಹೆಸರು ವಿಳಾಸ ತೆಗೆದು, ವರ್ಷಕ್ಕೊಮ್ಮೆ ಜಿಲ್ಲಾವಾರು ಪ್ರಕಟಿಸಬೇಕು.